ಸರ್‌ಗೆ ನಾನು ಬರೆದ ಶಿಫಾರಸು

ವಿದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಬೇಕೆಂದು ನಾನು ಮನಸ್ಸು ಮಾಡಿದ ವರ್ಷ ರೋಣದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಅತಿಥಿ ಎಂಬ ಶಬ್ದವನ್ನು ನಮ್ಮ ಕಾಲೇಜು ಅಕ್ಷರಶಃ ತೆಗೆದುಕೊಂಡಿತ್ತು. ಬೇಸಿಗೆ ಬಂದೊಡನೆ ಮನೆಗೆ ಕಳಿಸುತ್ತಿತ್ತು, ಮಳೆ ಬಿದ್ದ ಮೇಲೆ ಮತ್ತೆ ಕರೆಯುತ್ತಿತ್ತು. ಹೀಗೆ ಹೋಗಿ ಬಂದು ಮಾಡುವುದು ಸಾಕಾಗಿ, ಮಣ್ಣಿನ ರಸಾಯನದಲ್ಲಿ ಪಿಎಚ್.ಡಿ. ಮಾಡುವ ಆಸೆ ಹುಟ್ಟಿತು. ಅದಕ್ಕೊಂದು ಪ್ರವೇಶ ಪರೀಕ್ಷೆ ಬರೆಯಬೇಕಿತ್ತು. ಯಾರೂ ಬಳಸದ ಇಂಗ್ಲಿಷ್ ಶಬ್ದಗಳು, ಹೈಸ್ಕೂಲಿನಲ್ಲಿ ಮರೆತ ಗಣಿತ, ಅದರ ಮೇಲೊಂದು ಪ್ರಬಂಧ.

ಅಂಥ ಪರೀಕ್ಷೆಗೆ ತರಬೇತಿ ಕೊಡುವವರು ನಮ್ಮ ಸುತ್ತಮುತ್ತ ಇರಲಿಲ್ಲ. ಗಜೇಂದ್ರಗಡದಲ್ಲಿ ಸೀರೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಒಂದು ತರಬೇತಿ ಕೇಂದ್ರವಿತ್ತು. ಅದರ ಫಲಕದಲ್ಲಿ ಪೊಲೀಸ್, ಬ್ಯಾಂಕು, ರೈಲ್ವೆ, ಶಿಕ್ಷಕರ ನೇಮಕ ಎಂದೆಲ್ಲ ಬರೆದು, ಕೊನೆಗೆ ಉಳಿದ ಜಾಗದಲ್ಲಿ ಸಣ್ಣದಾಗಿ 'ಮತ್ತು ವಿದೇಶ' ಎಂದು ಸೇರಿಸಿದ್ದರು. ಅಲ್ಲಿಯ ಮಾಸ್ತರು ನನಗಿಂತ ಚಿಕ್ಕವರು. ಜಗತ್ತಿನ ಯಾವ ಪರೀಕ್ಷೆಯಾದರೂ ಒಂದೇ, ತಪ್ಪು ಉತ್ತರಗಳನ್ನು ಹೊಡೆದು ಹಾಕಿದರೆ ಉಳಿದದ್ದು ಸರಿ ಉತ್ತರ ಎಂದು ನನಗೆ ಧೈರ್ಯ ಹೇಳಿ, ಪಿಎಸ್‌ಐ ಆಗಬೇಕೆನ್ನುವವರ ನಡುವೆ ಕೂಡಿಸಿದರು. ಅವರ ಜೊತೆಗೆ ಕರ್ನಾಟಕದ ನದಿಗಳನ್ನು ಬಾಯಿಪಾಠ ಮಾಡಿದೆ. ಅವರ ಜೊತೆಗೇ ಬೆಳಿಗ್ಗೆ ಮೈದಾನದಲ್ಲಿ ಓಡಲೂ ಬೇಕೆಂದಾಗ, ನನ್ನ ಪರೀಕ್ಷೆಯಲ್ಲಿ ಓಟವಿಲ್ಲ ಎಂದೆ. ಓಟ ಎಲ್ಲರಿಗೂ ಕಡ್ಡಾಯ, ಒಬ್ಬರಿಗೆ ರಿಯಾಯಿತಿ ಕೊಟ್ಟರೆ ಶಿಸ್ತು ಕೆಡುತ್ತದೆ ಎಂದರು ಮಾಸ್ತರು. ಆ ಊರಿನಲ್ಲೇ ಇದ್ದ ಅವ್ವನ ತಂಗಿ, ನಮ್ಮ ಮೌಶಿಯ ಮನೆಯಲ್ಲಿ ಉಳಿದುಕೊಂಡು ನಾನೂ ಓಡಿದೆ. ಯಾಕೆ ಓಡಿದೆ ಎಂದು ಇಂದಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಎತ್ತರ ಜಿಗಿತದ ದಿನ ಮಾತ್ರ ಯಾರಿಗೂ ಹೇಳದೆ ರೋಣದ ಬಸ್ಸು ಹತ್ತಿದೆ.

ಆಮೇಲೆ ಮನೆಯಲ್ಲೇ ಓದಿದೆ. ಅವ್ವ ನನ್ನ ಶಬ್ದಗಳ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಸಾಲಿನ ಸಂಖ್ಯೆ ಹೇಳುವಳು, ಆ ಶಬ್ದವನ್ನೂ ಅದರ ಅರ್ಥವನ್ನೂ ನಾನೇ ಹೇಳಬೇಕು. ಸರಿಯೋ ತಪ್ಪೋ ಎಂಬುದನ್ನು ನನ್ನ ಮುಖ ನೋಡಿ ತೀರ್ಮಾನಿಸುತ್ತಿದ್ದಳು. ಹೆಚ್ಚಾಗಿ ಅವಳ ತೀರ್ಮಾನ ಸರಿಯಾಗಿಯೇ ಇರುತ್ತಿತ್ತು.

ಅರ್ಜಿಗೆ ಮೂವರು ಗುರುಗಳ ಶಿಫಾರಸು ಬೇಕಿತ್ತು. ಮೊದಲು ನೆನಪಾದವರು ಪದವಿಯಲ್ಲಿ ನನಗೆ ರಸಾಯನಶಾಸ್ತ್ರ ಕಲಿಸಿದ ಸರ್. ನಿವೃತ್ತರಾಗಿ ಹೆಂಡತಿಯೊಂದಿಗೆ ನರಗುಂದದಲ್ಲಿದ್ದರು. ಫೋನಿನಲ್ಲಿ ಕೇಳಿದೊಡನೆ ಸಂತೋಷದಿಂದ ಒಪ್ಪಿದರು. ಅರ್ಜಿಯಲ್ಲಿ ಅವರ ವಿಳಾಸ ತುಂಬಿದೆ, ವಿಶ್ವವಿದ್ಯಾಲಯದಿಂದ ಅವರಿಗೆ ಒಂದು ಫಾರ್ಮು ಹೋಯಿತು. ನನ್ನ ಮಟ್ಟಿಗೆ ಆ ಕೆಲಸ ಮುಗಿದಿತ್ತು.

ಎರಡು ದಿನ ಬಿಟ್ಟು ಸರ್ ಬಸ್ಸು ಹತ್ತಿ ರೋಣಕ್ಕೇ ಬಂದರು. ಮಾರ್ಕೆಟ್ಟಿನಲ್ಲಿ ಅಪ್ಪನ ಕಡಲೆ ಅಂಗಡಿ. ಅಪ್ಪ ಅವರಿಗೆ ಕುರ್ಚಿ ಹಾಕಿಸಿ, ಚಹಾ ತರಿಸಿ, ನನ್ನನ್ನು ಕರೆಸಿದ. ಸರ್ ಕಿಸೆಯಿಂದ ಮಡಿಚಿದ ಹಾಳೆ ತೆಗೆದರು. ಫಾರ್ಮನ್ನು ಮುದ್ರಿಸಿಕೊಂಡು ಬಂದಿದ್ದರು. ಅದರಲ್ಲಿ ಒಂದು ಪ್ರಶ್ನೆ ಅವರ ನಿದ್ದೆ ಕೆಡಿಸಿತ್ತು: ನಿಮ್ಮ ವೃತ್ತಿಜೀವನದಲ್ಲಿ ನೀವು ಕಂಡ ಎಲ್ಲ ವಿದ್ಯಾರ್ಥಿಗಳ ಪೈಕಿ ಈ ಅಭ್ಯರ್ಥಿ ಮೇಲಿನ ಶೇಕಡಾ ಒಂದರಲ್ಲಿ ಬರುತ್ತಾರೋ, ಐದರಲ್ಲೋ, ಹತ್ತರಲ್ಲೋ?

ಎಲ್ಲರೂ ಒಂದು ಎಂದೇ ಗುರುತು ಹಾಕುತ್ತಾರೆ ಸರ್ ಎಂದು ನಾನು ಮೆಲ್ಲಗೆ ಹೇಳಿದೆ. ಅಪ್ಪನೂ ಬಾಯಿ ಹಾಕಿ, ನಾವೂ ಎಲ್ಲ ಚೀಲದ ಮೇಲೆ ಒಂದನೇ ನಂಬರ್ ಅಂತಲೇ ಬರೆಯುತ್ತೇವೆ, ಕೊಳ್ಳುವವರು ಕೈಹಾಕಿ ನೋಡಿಯೇ ಒಯ್ಯುತ್ತಾರೆ ಎಂದ.

ಸರ್ ಇಬ್ಬರ ಮಾತನ್ನೂ ಕೇಳಿಸಿಕೊಂಡು ಹೇಳಿದರು: "ಎಲ್ಲಾರೂ ಒಂದರೊಳಗ ಬಂದ್ರ ಉಳದ ತೊಂಬತ್ತೊಂಬತ್ತರೊಳಗ ಯಾರ ಬರ್ತಾರ, ತಂಗಿ? ಅಳತಿ ಮಾಡದ ಹ್ಯಾಂಗ ಬರೀಲಿ?"

ಅಳತೆ ಮಾಡಲು ಅವರಿಗೆ ಒಂದೇ ದಾರಿ ಕಂಡಿತ್ತು. ನಾನು ಬರೆಯುವ ಪರೀಕ್ಷೆ ಎಂಥದೆಂದು ಮೊದಲು ತಾವೇ ಓದಿ ನೋಡಬೇಕು. ನನ್ನ ತಯಾರಿ ಪುಸ್ತಕ ಕೇಳಿ ತೆಗೆದುಕೊಂಡು, ಅಪ್ಪ ಕಟ್ಟಿಕೊಟ್ಟ ಕಡಲೆಯೊಂದಿಗೆ ಚೀಲಕ್ಕೆ ಹಾಕಿಕೊಂಡು ಸಂಜೆಯ ಬಸ್ಸಿಗೆ ಹೋದರು. ಪರೀಕ್ಷೆ ಹತ್ತಿರವಿತ್ತು, ಪುಸ್ತಕ ಒಂದೇ ಇತ್ತು. ಗುರುಗಳಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಹೀಗಾಗಿ ಪ್ರತಿ ಭಾನುವಾರ ಬೆಳವಣಕಿ, ಯಾವಗಲ್ ದಾಟಿ ನರಗುಂದಕ್ಕೆ ಹೋಗಿ, ನನ್ನದೇ ಪುಸ್ತಕವನ್ನು ಅವರ ಮನೆಯ ಪಡಸಾಲೆಯಲ್ಲಿ ಕೂತು ಓದುವ ಪರಿಸ್ಥಿತಿ ಬಂತು. ಸರ್ ಗಣಿತದ ಭಾಗವನ್ನು ಮೊದಲ ವಾರವೇ ಮುಗಿಸಿದ್ದರು. ಶಬ್ದಗಳಿಗೆ ಅಂಜಲಿಲ್ಲ. ಅವರಿಗೆ ಜಗಳವಿದ್ದದ್ದು ಗದ್ಯಭಾಗದ ಪ್ರಶ್ನೆಗಳ ಜೊತೆ. ಒಂದು ಪುಟದ ಲೇಖನ ಕೊಟ್ಟು, ಈ ಲೇಖಕರು ಕೆಳಗಿನ ಯಾವ ಮಾತನ್ನು ಒಪ್ಪುವ ಸಾಧ್ಯತೆ ಇದೆ ಎಂದು ಕೇಳುತ್ತಾರಲ್ಲ, ಅದು. ಆ ಲೇಖಕನನ್ನು ಯಾರಾದರೂ ಕೇಳಿದ್ದಾರೆಯೇ ಎನ್ನುವುದು ಸರ್ ಪ್ರಶ್ನೆ. ಬದುಕಿರುವ ಮನುಷ್ಯನ ಅಭಿಪ್ರಾಯವನ್ನು ಅವನನ್ನು ಬಿಟ್ಟು ಉಳಿದವರೆಲ್ಲ ಊಹಿಸುವುದು ಯಾವ ನ್ಯಾಯ ಎಂದು ಪುಸ್ತಕ ಪ್ರಕಟಿಸಿದವರಿಗೆ ಮೇಲ್ ಕಳಿಸಿದರು. ಅಲ್ಲಿಂದ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಯಂತ್ರದ ಉತ್ತರ ಬಂತು. ಸರ್ ಅದನ್ನು ನಂಬಿ ಇನ್ನೂ ಉದ್ದವಾದ ಎರಡನೆಯ ಮೇಲ್ ಬರೆದರು.

ಅಭ್ಯಾಸ ಪರೀಕ್ಷೆಯಲ್ಲಿ ಪ್ರತಿ ಸಲ ಅವರಿಗೆ ನನಗಿಂತ ಹೆಚ್ಚು ಅಂಕ. ನಾನು ನಗುತ್ತಿದ್ದೆ, ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯಾಚೆಯ ಜೋಳದ ಹೊಲಗಳನ್ನು ನೋಡುತ್ತ ಇಬ್ಬರ ಅಂಕಗಳ ಅಂತರವನ್ನು ಮತ್ತೆ ಮತ್ತೆ ಲೆಕ್ಕ ಹಾಕುತ್ತಿದ್ದೆ. ಅಂಕ ಕೂಡಿಸುವಾಗ ಸರ್ ಮುಖದಲ್ಲಿ ಮೂಡುತ್ತಿದ್ದ ಕಳೆ ನಾನು ತರಗತಿಯಲ್ಲಿ ಎಂದೂ ಕಂಡದ್ದಲ್ಲ. ಒಂದು ಭಾನುವಾರ ಅವರು ಕನ್ನಡಕ ಒರೆಸಿಕೊಳ್ಳುತ್ತ, ಎಂ.ಎಸ್ಸಿ. ಆದಾಗ ಸಂಶೋಧನೆ ಮಾಡಬೇಕೆಂದಿತ್ತು, ಆಗ ನೌಕರಿ ಬಂತು, ಅದನ್ನು ಬಿಡುವ ಧೈರ್ಯವಾಗಲಿಲ್ಲ ಎಂದರು. ಕಾಲುವೆ ನೀರು ಬಂದ ಮೇಲೆ ನಮ್ಮ ಎರೆಮಣ್ಣು ಹೇಗೆ ಉಪ್ಪೇರುತ್ತಿದೆ ಎಂದು ತುಂಬ ಹೊತ್ತು ವಿವರಿಸಿದರು. ಕೊನೆಗೆ, ಪರೀಕ್ಷೆಗೆ ತಾನೂ ಹೆಸರು ನೋಂದಾಯಿಸಿದ್ದೇನೆ ಎಂದರು.

ಒಳಗಿನಿಂದ ಅಮ್ಮಾರು, ಅಂದರೆ ಸರ್ ಹೆಂಡತಿ, ರೊಟ್ಟಿಯ ಬುಟ್ಟಿ ಹಿಡಿದು ಬಂದವರು ಅಲ್ಲೇ ನಿಂತರು. "ರಿಟೈರ್ ಆದ ಮ್ಯಾಲೆ ಮಂದಿ ಕಾಶಿಗೆ ಹೋಗ್ತಾರ. ಇವರು ಪರೀಕ್ಷಿಗೆ ಹೊಂಟಾರ," ಎಂದು ನನ್ನ ಕಡೆ ನೋಡಿ, ಸರ್ ತಟ್ಟೆಗೆ ಮತ್ತೊಂದು ರೊಟ್ಟಿ ಹಾಕಿದರು. ಪರೀಕ್ಷೆ ಬೇಡವೆಂದು ಮಾತ್ರ ಹೇಳಲಿಲ್ಲ.

ನಾನು ಹುಬ್ಬಳ್ಳಿಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆದು ಬಂದೆ. ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಸರ್ ಮಾತ್ರ ಮನೆಯಿಂದಲೇ ಬರೆಯುವ ಅವಕಾಶ ಆರಿಸಿಕೊಂಡಿದ್ದರು. ಲ್ಯಾಪ್‌ಟಾಪಿನ ಕ್ಯಾಮೆರಾದ ಎದುರು ಕೂತು ಬರೆಯಬೇಕು. ಎಲ್ಲೋ ದೂರದಲ್ಲಿ ಕೂತ ಮೇಲ್ವಿಚಾರಕ ಅಷ್ಟು ಹೊತ್ತೂ ಕಾಯುತ್ತಾನೆ. ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಏಳಬಾರದು, ಕೈ ಕಾಣುವಂತಿರಬೇಕು. ಲ್ಯಾಪ್‌ಟಾಪ್ ಜೋಡಿಸಿಕೊಡಲು ನಾನು ಹೋಗಿದ್ದೆ. ಎಲ್ಲ ಸರಿಹೋದ ಮೇಲೆ ಬಾಗಿಲು ಎಳೆದುಕೊಂಡು, ಹೊರಗಿನ ಕಟ್ಟೆಯ ಮೇಲೆ ಅಮ್ಮಾರ ಜೊತೆ ಕೂತೆ.

ಕಿಟಕಿ ತೆರೆದಿತ್ತು. ಒಳಗಿನ ಮಾತು ಓಣಿಗೆಲ್ಲ ಕೇಳುತ್ತಿತ್ತು. ಮೇಲ್ವಿಚಾರಕ ಹಿಂದಿ ಬೆರೆತ ಇಂಗ್ಲಿಷಿನಲ್ಲಿ ಸರ್ ಅವರಿಗೆ ಗುರುತಿನ ಚೀಟಿ ತೋರಿಸಲು ಹೇಳಿದ. ಕೋಣೆಯ ನಾಲ್ಕು ಗೋಡೆ ತೋರಿಸಲು ಹೇಳಿದ. ಮೇಜಿನ ಕೆಳಗೆ ತೋರಿಸಿರಿ, ಕಿವಿ ತೋರಿಸಿರಿ, ತೋಳು ಮಡಚಿರಿ ಎಂದ. ಗೋಡೆಯ ಕ್ಯಾಲೆಂಡರನ್ನು ತಿರುಗಿಸಿ ಹಾಕಲು ಹೇಳಿದ. ನಾನು ಹೇಳುವ ತನಕ ಜಾಗ ಬಿಟ್ಟು ಏಳಬಾರದು, ಯಾರೊಡನೆಯೂ ಮಾತಾಡಬಾರದು ಎಂದು ತಾಕೀತು ಮಾಡಿದ. ಸರ್ ಎಲ್ಲಕ್ಕೂ ಎಸ್ ಸರ್, ಎಸ್ ಸರ್ ಎನ್ನುತ್ತಿದ್ದರು.

ಪಕ್ಕದ ಮನೆಯಲ್ಲಿ ನಿವೃತ್ತ ಪೋಸ್ಟ್ ಮಾಸ್ತರರೊಬ್ಬರಿದ್ದರು. ಗಿಡಕ್ಕೆ ನೀರು ಹಾಕುತ್ತಿದ್ದವರು ಅದನ್ನು ನಿಲ್ಲಿಸಿ ಕಿಟಕಿಗೆ ಕಿವಿಗೊಟ್ಟರು. ಆ ದಿನಗಳಲ್ಲಿ ಯಾರಿಗೆ ಫೋನು ಮಾಡಿದರೂ ಮೊದಲು ಡಿಜಿಟಲ್ ಅರೆಸ್ಟ್ ಎಂಬ ಮೋಸದ ಎಚ್ಚರಿಕೆಯೇ ಕೇಳಿಸುತ್ತಿತ್ತು: ಅಪರಿಚಿತರು ಕ್ಯಾಮೆರಾದಲ್ಲಿ ಬಂದು ನಿಮ್ಮನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ, ಅಲುಗಬೇಡ ಎನ್ನುತ್ತಾರೆ, ಯಾರಿಗೂ ಹೇಳಬೇಡ ಎನ್ನುತ್ತಾರೆ. ಪೋಸ್ಟ್ ಮಾಸ್ತರರು ಅದನ್ನು ದಿನಾಲೂ ಶ್ರದ್ಧೆಯಿಂದ ಕೇಳುತ್ತಿದ್ದವರು. ಅವರು ಕಟ್ಟೆಗೆ ಬಂದು ಪಿಸುಮಾತಿನಲ್ಲಿ, ಎಷ್ಟು ಹೊತ್ತಾಯಿತು ಎಂದು ಅಮ್ಮಾರನ್ನು ಕೇಳಿದರು. ಅಮ್ಮಾರು, ಈಗ ಚಾಲೂ ಆಗೇತಿ, ಮಧ್ಯಾಹ್ನದ ತನಕ ಬಿಡೂದಿಲ್ಲಂತ ಎಂದರು. ಯಾರು ಬಿಡುವುದಿಲ್ಲ ಎಂದು ಕೇಳಿದ್ದಕ್ಕೆ, ಯಾರೋ ಗೊತ್ತಿಲ್ಲ, ಹೊರಗಿನವರು ಎಂದರು. ಇದರಲ್ಲಿ ಒಂದು ಶಬ್ದವೂ ಸುಳ್ಳಲ್ಲ.

ಇದು ಪರೀಕ್ಷೆ ಎಂದು ನಾನು ಪೋಸ್ಟ್ ಮಾಸ್ತರರಿಗೆ ಬಿಡಿಸಿ ಹೇಳಿದೆ. ಅವರು ನನ್ನನ್ನು ಕರುಣೆಯಿಂದ ನೋಡಿದರು. ಅರವತ್ತು ದಾಟಿದವರಿಗೆ ಯಾವ ಪರೀಕ್ಷೆ ಎಂದರು. ಪ್ರವೇಶ ಪರೀಕ್ಷೆ ಎಂದೆ. ಹೀಗೆಯೇ ಮನೆಯವರನ್ನೂ ನಂಬಿಸಿಬಿಡುತ್ತಾರೆ ಎಂದು ತಮ್ಮಷ್ಟಕ್ಕೆ ಅಂದುಕೊಂಡು ಲಗುಬಗೆಯಿಂದ ಓಣಿಯ ತುದಿಗೆ ಹೋದರು. ಅಲ್ಲಿ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತಿದ್ದ ಹವಾಲ್ದಾರರನ್ನು ಕರೆದುಕೊಂಡೇ ಬಂದರು. ಅವರ ಹಿಂದೆ ಅರ್ಧ ಓಣಿ.

ನಾನು ಬಾಗಿಲಿಗೆ ಅಡ್ಡ ನಿಂತೆ. ಹವಾಲ್ದಾರರು, ನೀವು ಅಂಜಬ್ಯಾಡ್ರಿ ಅಕ್ಕಾರ ಎಂದು ನನಗೆ ಸಮಾಧಾನ ಹೇಳಿ ನನ್ನನ್ನು ಸರಿಸಿದರು. ಒಳಗೆ ಸರ್ ಪ್ರಬಂಧದ ಎರಡನೆಯ ಪ್ಯಾರಾದಲ್ಲಿದ್ದರು. ಹಿಂದೆ ಜನ ಬಂದದ್ದು ಗೊತ್ತಾದರೂ, ತಿರುಗಬಾರದೆಂಬ ನಿಯಮವಿತ್ತಲ್ಲ, ತಿರುಗಲಿಲ್ಲ. ಹವಾಲ್ದಾರರು ಅವರ ಹೆಗಲ ಮೇಲೆ ಕೈಯಿಟ್ಟು, ಪರದೆಯ ಕಡೆ ಬಗ್ಗಿ, ನೀನು ಯಾರು, ಯಾವ ಊರವನು ಎಂದು ಹಿಂದಿಯಲ್ಲಿ ಗದರಿಸಿದರು.

ಮೇಲ್ವಿಚಾರಕ ಸ್ವಲ್ಪವೂ ವಿಚಲಿತನಾಗಲಿಲ್ಲ. ಅದೇ ಸಮದನಿಯಲ್ಲಿ, ದಯವಿಟ್ಟು ನಿಮ್ಮ ಗುರುತಿನ ಚೀಟಿ ತೋರಿಸಿರಿ ಎಂದ. ಹವಾಲ್ದಾರರಿಗೆ ಅದೇನು ಅನಿಸಿತೋ, ಕಿಸೆಯಿಂದ ತಮ್ಮ ಚೀಟಿ ತೆಗೆದು ಕ್ಯಾಮೆರಾಕ್ಕೆ ಹಿಡಿದರು. ಇನ್ನೂ ಹತ್ತಿರ ಎಂದ. ಹತ್ತಿರ ಹಿಡಿದರು. ಕೋಣೆಯನ್ನು ಪೂರ್ತಿ ತೋರಿಸಿರಿ ಎಂದ. ಹವಾಲ್ದಾರರು ಎರಡೂ ಕೈಯಲ್ಲಿ ಲ್ಯಾಪ್‌ಟಾಪ್ ಎತ್ತಿ ನಿಧಾನವಾಗಿ ಒಂದು ಸುತ್ತು ತಿರುಗಿದರು. ಪೋಸ್ಟ್ ಮಾಸ್ತರರು, ನಾನು, ಬಾಗಿಲಲ್ಲಿ ಅಮ್ಮಾರು, ಕಿಟಕಿಯಲ್ಲಿ ಓಣಿಯ ಮಂದಿ ಒಬ್ಬೊಬ್ಬರಾಗಿ ಪರದೆಯ ಮೂಲೆಯಲ್ಲಿ ಹಾದುಹೋದೆವು. ಮೇಲ್ವಿಚಾರಕ ಕೊನೆಗೆ ಹೇಳಿದ, ಕೋಣೆಯಲ್ಲಿ ಅಭ್ಯರ್ಥಿಯನ್ನು ಬಿಟ್ಟು ಇತರರು ಕಂಡುಬಂದಿರುವುದರಿಂದ ಈ ಪರೀಕ್ಷೆಯನ್ನು ರದ್ದು ಮಾಡಲಾಗಿದೆ. ಪರದೆ ಕಪ್ಪಾಯಿತು.

ಹೊರಗೆ ಮಂದಿ ಸಂತೋಷದಿಂದ ಉಸಿರು ಬಿಟ್ಟರು. ಸಾಹೇಬರನ್ನು ನೋಡಿದೊಡನೆ ಕಳ್ಳ ಓಡಿಹೋದ ಎಂದು ಯಾರೋ ಹೇಳಿದರು. ಸರ್ ಕುರ್ಚಿಯಲ್ಲಿ ಹಾಗೆಯೇ ಕೂತಿದ್ದರು. ತುಸು ಹೊತ್ತಿನ ಮೇಲೆ, ಈಗ ಏಳಬಹುದೇ ಎಂದು ನನ್ನನ್ನು ಕೇಳಿದರು.

ಸಂಜೆಯೊಳಗೆ ಈ ಸುದ್ದಿ ತಾಲೂಕಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ನೆರೆಯವರ ಸಮಯಪ್ರಜ್ಞೆಯಿಂದ ನಿವೃತ್ತ ಪ್ರಾಧ್ಯಾಪಕರು ಪಾರು ಎಂದು. ಸರ್ ಪೇಟೆಗೆ ಹೋದಲ್ಲೆಲ್ಲ ಮಂದಿ ಕೈಹಿಡಿದು ವಿಚಾರಿಸುವರು. ಅದು ಖರೇನೇ ಪರೀಕ್ಷೆ ಎಂದು ಇವರು ಹೇಳಿದಷ್ಟೂ, ಪಾಪ ಇನ್ನೂ ಹೊರಬಂದಿಲ್ಲ ಎಂಬಂತೆ ತಲೆಯಾಡಿಸುವರು. ಊರಿನ ಒಂದು ಹೈಸ್ಕೂಲಿನವರು ಸೈಬರ್ ಮೋಸದ ಬಗ್ಗೆ ಅನುಭವ ಹಂಚಿಕೊಳ್ಳಲು ಕರೆದರು. ಸರ್ ಹೋಗಿ, ಪ್ರವೇಶ ಪರೀಕ್ಷೆಗೆ ತಯಾರಾಗುವುದು ಹೇಗೆ ಎಂದು ಮಾತಾಡಿ, ಶಾಲು ಹೊದಿಸಿಕೊಂಡು ಬಂದರು. ಆಮೇಲೆ ಪರೀಕ್ಷೆ ನಡೆಸುವವರಿಗೆ ಇಡೀ ಘಟನೆ ವಿವರಿಸಿ ಮೇಲ್ ಬರೆದರು. ಈ ಸಲ ಓದಿದವರು ಮನುಷ್ಯರೇ ಇರಬೇಕು, ಮತ್ತೊಮ್ಮೆ ಬರೆಯಲು ಅವಕಾಶ ಕೊಟ್ಟರು. ಹುಬ್ಬಳ್ಳಿಯ ಕೇಂದ್ರಕ್ಕೆ ಅಮ್ಮಾರೂ ಹೋಗಿ ಗೇಟಿನ ಹೊರಗೆ ಡಬ್ಬಿ ಹಿಡಿದು ಕೂತರು. ಅಲ್ಲಿ ಕೂತ ತಾಯಂದಿರೆಲ್ಲ, ನಿಮ್ಮ ಮಗ ಯಾವ ಬ್ರ್ಯಾಂಚು ಎಂದು ಕೇಳಿದರಂತೆ.

ಫಲಿತಾಂಶ ಬಂತು. ಸರ್ ಅಂಕ ನನಗಿಂತ ಚೆನ್ನಾಗಿಯೇ ಹೆಚ್ಚು. ಈಗ ಅರ್ಜಿ ತುಂಬಬೇಕು. ಅರ್ಜಿಯಲ್ಲಿ ಪದವಿ ಮುಗಿಸಿದ ಇಸವಿಯನ್ನು ಒಂದು ಪಟ್ಟಿಯಿಂದ ಆರಿಸಬೇಕಿತ್ತು, ಆ ಪಟ್ಟಿ ಸರ್ ಇಸವಿಯ ತನಕ ಹಿಂದೆ ಹೋಗುತ್ತಲೇ ಇರಲಿಲ್ಲ. ವಿಶ್ವವಿದ್ಯಾಲಯಕ್ಕೆ ಬರೆದು ಅದನ್ನು ಸರಿಪಡಿಸಿಕೊಂಡದ್ದಾಯಿತು. ದೊಡ್ಡ ತೊಡಕು ಮುಂದಿತ್ತು. ಸರ್ ಅವರಿಗೂ ಮೂವರು ಶಿಫಾರಸು ಮಾಡಬೇಕು.

"ನನಗ ಕಲಿಸಿದಾವರೆಲ್ಲ ತೀರಿಕೊಂಡಾರ, ತಂಗಿ," ಎಂದರು ಸರ್. "ಒಬ್ಬರು ಧಾರವಾಡದಾಗ ಅದಾರ. ಹೋಗಿದ್ದೆ. ನನ್ನ ನೆನಪು ಹತ್ತಲಿಲ್ಲ ಅವರಿಗೆ. ಊಟ ಮಾಡಿಸಿ ಕಳಿಸಿದರು."

ಹೀಗೆ ಸರ್ ಅವರಿಗೆ ಶಿಫಾರಸು ಮಾಡುವ ಸರದಿ ಅವರೊಡನೆ ಕೆಲಸ ಮಾಡಿದ್ದ ಇಬ್ಬರಿಗೆ ಮತ್ತು ನನಗೆ ಬಂತು. ಅಭ್ಯರ್ಥಿಗೂ ನಿಮಗೂ ಏನು ಸಂಬಂಧ ಎಂಬಲ್ಲಿ ಶಿಕ್ಷಕ, ಮಾರ್ಗದರ್ಶಕ, ಮೇಲಧಿಕಾರಿ ಎಂದಿತ್ತು. ವಿದ್ಯಾರ್ಥಿನಿ ಎಂದಿರಲಿಲ್ಲ. ಇತರೆ ಎಂದು ಗುರುತು ಹಾಕಿದೆ. ಪತ್ರ ಬರೆಯಲು ಕೂತಾಗ ನಗು ಬಂದದ್ದು ನಿಜ. ಆದರೆ ಬರೆಯುತ್ತ ಹೋದಂತೆ, ಕರೆಂಟಿಲ್ಲದ ಪ್ರಯೋಗಶಾಲೆಯಲ್ಲಿ ಅವರು ಪ್ರನಾಳವನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಣ್ಣ ಬದಲಾಗುವ ಕ್ಷಣ ತಪ್ಪಿಸಿಕೊಳ್ಳಬೇಡಿ ಎಂದು ಪ್ರತಿಯೊಬ್ಬರನ್ನೂ ಹತ್ತಿರ ಕರೆದು ತೋರಿಸುತ್ತಿದ್ದದ್ದು ನೆನಪಾಯಿತು. ಅದನ್ನೇ ಬರೆದೆ. ಶೇಕಡಾ ಎಷ್ಟು ಎಂಬಲ್ಲಿ ಒಂದು ಎಂದು ಹಾಕಿದೆ.

ಮುಂದಿನ ಭಾನುವಾರ ಸರ್ ಅದನ್ನು ಕೇಳಿಯೇ ಕೇಳಿದರು. ಹ್ಯಾಂಗ ಅಳತಿ ಮಾಡಿದಿ ಎಂದು. ನಾನು, ನಾ ಕಂಡ ವಿದ್ಯಾರ್ಥಿಗಳೊಳಗ ಅರವತ್ತು ದಾಟಿದಾವರು ನೀವೊಬ್ಬರ ಅದೀರಿ ಸರ ಎಂದೆ. ಅವರು ಸ್ವಲ್ಪ ಯೋಚಿಸಿ, ಲೆಕ್ಕ ಸರಿ ಐತಿ ಎಂದು ಒಪ್ಪಿದರು. ನನ್ನ ಫಾರ್ಮಿನಲ್ಲಿ ಅವರು ಐದು ಎಂದು ಹಾಕಿದ್ದರು. ಅದನ್ನೂ ಅವರೇ ಹೇಳಿದರು. ನನಗೆ ಆ ದಿನ ಊಟ ಸೇರಲಿಲ್ಲ. ಅಮ್ಮಾರು ಇದನ್ನು ಗಮನಿಸಿ, ಬಸ್ ಸ್ಟ್ಯಾಂಡಿನ ತನಕ ನನ್ನ ಜೊತೆ ಬಂದರು. ಮದುವೆಯಾದಾಗಿನಿಂದ ತಾವು ಮಾಡುವ ಸಾರಿಗೂ ಅವರು ಶೇಕಡಾ ಹತ್ತರ ಗುರುತಿಗಿಂತ ಮೇಲಿನದನ್ನು ಕೊಟ್ಟಿಲ್ಲ ಎಂದು ಹೇಳಿದರು.

ಉತ್ತರಗಳು ಬೇಸಿಗೆಯ ಹೊತ್ತಿಗೆ ಬರತೊಡಗಿದವು. ನನಗೆ ಎಲ್ಲ ಕಡೆಯಿಂದ, ಈ ವರ್ಷ ಅತ್ಯುತ್ತಮ ಅರ್ಜಿಗಳು ಬಂದಿದ್ದವು, ವಿಷಾದಿಸುತ್ತೇವೆ ಎಂದು. ಸರ್ ಅವರಿಗೆ ಎರಡು ಕಡೆ ಇಲ್ಲ, ಒಂದು ಕಡೆ ಹೂಂ. ಸಂಶೋಧನೆಯ ಜೊತೆಗೆ ಮೊದಲ ವರ್ಷದ ಹುಡುಗರಿಗೆ ಪ್ರಯೋಗಶಾಲೆಯಲ್ಲಿ ಸಹಾಯಕರಾಗಿ ಕಲಿಸಬೇಕು, ಅದಕ್ಕೆ ಖರ್ಚು ನಡೆಯುವಷ್ಟು ವೇತನವೂ ಇತ್ತು.

ಇದನ್ನು ಫೋನಿನಲ್ಲಿ ಹೇಳಲು ಮನಸ್ಸಾಗದೆ ಸರ್ ರೋಣಕ್ಕೆ ಬಂದರು. ಅಪ್ಪ ಅವರ ಕೈಯಲ್ಲಿ ಪೇಢೆಯ ಪೊಟ್ಟಣ ಕಂಡು, ನನಗೇ ಸಿಕ್ಕಿತೆಂದು ತಿಳಿದು, ಹಮಾಲರಿಗೆಲ್ಲ ಹಂಚಲು ಶುರುಮಾಡಿಬಿಟ್ಟ. ಸರ್ ತಡೆಯಲು ಹೋದರು, ಆಗಲಿಲ್ಲ. ಯಾರಿಗೆ ಸಿಕ್ಕದ್ದೆಂದು ತಿಳಿದ ಮೇಲೆ ಅಪ್ಪ ಕೈಯಲ್ಲಿ ಉಳಿದ ಪೇಢೆಯನ್ನು ಏನು ಮಾಡುವುದೆಂದು ತೋಚದೆ ತಾನೇ ತಿಂದ. ನಾನು ಸರ್ ಕಾಲಿಗೆ ನಮಸ್ಕರಿಸಿದೆ. ಎದ್ದಾಗ ಕಣ್ಣಲ್ಲಿ ನೀರಿತ್ತು. ಅದು ಎಷ್ಟು ಪಾಲು ಸಂತೋಷ, ಎಷ್ಟು ಪಾಲು ಬೇರೆ ಎಂದು ಬಿಡಿಸಿ ಹೇಳಲಾರೆ. ಅವರ ಕಣ್ಣಲ್ಲೂ ಇತ್ತು. ಇಬ್ಬರೂ ತಪ್ಪನ್ನು ಚೀಲದ ಧೂಳಿನ ಮೇಲೆ ಹಾಕಿದೆವು.

ಅವರು ಹೋಗಲಾರರು ಎಂದೇ ನಾನು ಅಂದುಕೊಂಡಿದ್ದೆ. ಅಮ್ಮಾರು ಅಷ್ಟರಲ್ಲಿ ಸ್ವೆಟರು ಕೊಂಡು ತಂದಿದ್ದರು. ಇಷ್ಟು ವರ್ಷ ಇವರನ್ನು ಓದಿಸಿ ಈಗ ಮನೆಯಲ್ಲಿ ಕೂರಿಸಲೇ ಎನ್ನುವುದು ಅವರ ವಾದ. ವೀಸಾ ಕೇಳಲು ಹೋದಲ್ಲಿ, ಈ ವಯಸ್ಸಿನಲ್ಲಿ ಯಾಕೆ ಎಂದು ಕೇಳಿದ ಅಧಿಕಾರಿಗೆ ಸರ್ ಮಣ್ಣಿನ ಉಪ್ಪಿನ ಕತೆಯನ್ನು ಮೊದಲಿನಿಂದ ಶುರುಮಾಡಿದರಂತೆ. ಅಧಿಕಾರಿ ಕಾಲುವೆಯ ತನಕ ಕೇಳಿ, ಸಾಕು ಎಂದು ಕೈಯೆತ್ತಿ ಮಂಜೂರು ಮಾಡಿದನಂತೆ. ಮಳೆಗಾಲ ಮುಗಿಯುವ ಮೊದಲೇ ಇಬ್ಬರೂ ಹೋದರು.

ಆ ವರ್ಷವೇ ನಾನು ನಮ್ಮ ರಾಜ್ಯದ ವಿಶ್ವವಿದ್ಯಾಲಯವೊಂದರ ಪಿಎಚ್.ಡಿ. ಪ್ರವೇಶ ಪರೀಕ್ಷೆ ಬರೆದೆ. ಯಾರೂ ಕಿಟಕಿಯಲ್ಲಿ ಇಣುಕಲಿಲ್ಲ, ಯಾರೂ ಓಡಿಸಲಿಲ್ಲ. ಸೀಟು ಸಿಕ್ಕಿತು. ಈಗ ಪುರ್ತಗೇರಿ ಕಡೆಯ ಹೊಲಗಳಿಂದ ಮಣ್ಣು ತಂದು ಸೋಸುತ್ತ ಕೂತಿರುತ್ತೇನೆ, ಕೆಲಸ ನಿಧಾನ, ಆದರೆ ನನ್ನದು.

ಸರ್ ಆಗಾಗ ಫೋನು ಮಾಡುತ್ತಾರೆ. ಅಲ್ಲಿಯ ಹುಡುಗರು ತಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆ, ಮೊದಮೊದಲು ಯಾರನ್ನು ಕರೆಯುತ್ತಿದ್ದಾರೆಂದು ಹಿಂದೆ ತಿರುಗಿ ನೋಡುತ್ತಿದ್ದೆ ಎಂದರು. ಮೊದಲ ಸೆಮಿಸ್ಟರ್ ಮುಗಿದಾಗ ಬಂದ ಫೋನಿನಲ್ಲಿ ದನಿ ಬಹಳ ಸಣ್ಣದಾಗಿತ್ತು. ಒಂದು ವಿಷಯದಲ್ಲಿ ಬಿ ಬಂದಿತ್ತಂತೆ. ಕಲಿಸಿದವನು ವಯಸ್ಸಿನಲ್ಲಿ ತಮಗೆ ಮಗನಾಗುವಂಥವನು, ಆದರೂ ಅವನು ಕೊಟ್ಟದ್ದು ಸರಿಯೇ ಇದೆ, ಕೊನೆಯ ಪ್ರಶ್ನೆಯನ್ನು ತಾನು ಅವಸರದಲ್ಲಿ ಬರೆದೆ ಎಂದರು. ನಂತರ ದನಿ ಇನ್ನೂ ತಗ್ಗಿಸಿ ಹೇಳಿದರು:

"ನರಗುಂದದಾಗ ಯಾರಿಗೂ ಹೇಳಬ್ಯಾಡವಾ. ಮುಂದಿನ ಸಲ ಚಲೋ ಮಾಡ್ತೇನಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮರುವಾರ ಬೀಗ ಹಾಕಿದ ಸರ್ ಮನೆಯನ್ನು ನೋಡಿ ಬರಲು ನರಗುಂದಕ್ಕೆ ಹೋದಾಗ ಪೋಸ್ಟ್ ಮಾಸ್ತರರು ಗಿಡಕ್ಕೆ ನೀರು ಹಾಕುತ್ತಿದ್ದರು. ನನ್ನನ್ನು ಕಂಡು ಪೈಪು ಕೆಳಗಿಟ್ಟು ಹತ್ತಿರ ಬಂದು, ಬಿ ಅಂದರೆ ಪಾಸೇ ತಾನೇ ಎಂದು ಕೇಳಿದರು. ಅಮ್ಮಾರು ವಿದೇಶದಿಂದಲೇ ಓಣಿಗೆಲ್ಲ ಫೋನು ಮಾಡಿ ಹೇಳಿದ್ದರು.